ಎಂಟು ವರ್ಷ ಮಾರಿದ ಮನೆ

ಒಂದಾನೊಂದು ಊರಿನಲ್ಲಿ ಒಂದು ಮನೆಯಿತ್ತು, ಅದನ್ನು ಮಾರಲು ಎಂಟು ವರ್ಷ ಹಿಡಿಯಿತು ಎಂದು ಅಜ್ಜಿ ಹೇಳಿದ್ದರೆ, ಕಥೆಯೆಂದುಕೊಂಡು ನಿದ್ದೆಹೋಗುತ್ತಿದ್ದೆ. ಆದರೆ ಇದನ್ನು ನೋಂದಣಿ ಕಚೇರಿಯ ಬೆಂಚಿನ ಮೇಲೆ ಕಿವಿಯಾರೆ ಕೇಳಿದೆ. ನನ್ನ ಪಕ್ಕದಲ್ಲಿ ಮನೆ ಮಾರುವ ಮುದುಕಮ್ಮ, ಅವರಾಚೆ ಬ್ರೋಕರ್.

“ನೂರಾ ಹನ್ನೆರಡು ಜನಕ್ಕೆ ತೋರಿಸಿದೀನಮ್ಮ. ನನ್ನ ಕೂದಲು ಬೆಳ್ಳಗಾಗಿದ್ದೇ ನಿಮ್ಮ ಹೊಸ್ತಿಲಲ್ಲಿ.”

“ಈಗಲೇ ಚೆನ್ನಾಗಿ ಕಾಣ್ತೀಯ ಬಿಡಪ್ಪ.”

“ಬಂದೋರಿಗೆಲ್ಲ ಹಿಂದಿನ ಕೋಣೆ ಸೋರುತ್ತೆ ಅಂತ ಹೇಳಿ ಓಡಿಸಿದ್ರಿ!”

“ಎಷ್ಟು ಸಲ ರಿಪೇರಿ ಮಾಡಿಸಿದ್ರೂ ಸೋರುತ್ತಲ್ಲ?”

“ಅದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?”

“ನಮಗೆ ಮಾರಿದೋನು ಹೇಳ್ಲಿಲ್ಲ. ಮೊದಲ ಮಳೆಗೇ ಮಗು ತೊಟ್ಟಿಲು ನೆನೀತು. ನಾನು ಮಾರೋವಾಗ ಹೇಳೇ ಮಾರ್ತೀನಿ ಅಂತ ಅವತ್ತೇ ಮಾತು ಕೊಟ್ಕೊಂಡೆ.”

ಬ್ರೋಕರ್ ಅವರತ್ತ ಬಾಗಿ ದನಿ ತಗ್ಗಿಸಿದರು.

“ನಿಮ್ಮ ತಂಗಿ ನಿಮಗೋಸ್ಕರ ಕೋಣೆ ಖಾಲಿ ಇಟ್ಕೊಂಡು ಕಾಯ್ತಿದಾರೆ. ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿ.”

“ಅಯ್ಯೋ, ಮೆಟ್ಟಿಲಿನ ವಿಷಯ ಹೇಳೋದೇ ಮರೆತೆ!”

ಅಷ್ಟರಲ್ಲಿ ಕೊಳ್ಳುವವಳು, ಒಬ್ಬ ನರ್ಸ್, ಕಾಗದಪತ್ರ ಹಿಡಿದು ಬಂದಳು. ಬ್ರೋಕರ್ ಕಣ್ಣು ಮುಚ್ಚಿಕೊಂಡರು.

“ನೋಡಮ್ಮ, ಮಹಡಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತೆ.”

“ಗೊತ್ತಜ್ಜಿ, ನೋಡೋಕೆ ಬಂದ ದಿನಾನೇ ಬಿದ್ದೆ,” ಎಂದು ಅವಳು ಮೊಣಕೈಯ ಗಾಯ ತೋರಿಸಿದಳು. “ಇನ್ನೇನಿದೆ ಹೇಳಿಬಿಡಿ. ಹೇಳ್ದೇ ಇರೋದಕ್ಕೆ ಮಾತ್ರ ನಂಗೆ ಭಯ.”

ಮುದುಕಮ್ಮ ಮನೆಯ ಒಂದೊಂದೇ ಕೋಣೆಯನ್ನು ಮನಸ್ಸಿನಲ್ಲಿ ಸುತ್ತಿಬಂದಂತೆ ಬಹಳ ಹೊತ್ತು ಯೋಚಿಸಿದರು. ನಾನೂ ಉಸಿರು ಬಿಗಿಹಿಡಿದೆ.

“ಇಲ್ಲ ಕಣಮ್ಮ. ಅಷ್ಟೇ.”

ಮೂವರೂ ಒಳಗೆ ಹೋದರು. ತೆರೆದ ಬಾಗಿಲಿನಿಂದ ನೋಡಿದೆ: ಮುದುಕಮ್ಮ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರವಾಗಿ, ಸಹಿ ಹಾಕಿ ಮುಗಿಸಿದರು.