ಎರಡನೇ ಪೆಟ್ಟಿಗಿ

ದೆವ್ವ-ಗಿವ್ವ ನಾ ನಂಬಾಂವ ಅಲ್ರಿ. ನನ್ನ ಕೆಲಸಾನ ಅಂಥಾದ್ದು. ಬೈಲಹೊಂಗಲದಾಗ ಸೆನ್ಸರ್ ಅಂಗಡಿ ನಂದು. ಡೇರಿಯಾಗ ಹಾಲಿನ ಟಾಕಿ ಬಿಸಿ ಆದ್ರ, ಗೋದಾಮಿನ್ಯಾಗ ಕಾಳಿಗೆ ಥಂಡಿ ಹಿಡದ್ರ, ಹೊಲದಾಗ ಮಣ್ಣು ಒಣಗಿದ್ರ... ಕುಂತಲ್ಲೇ ಫೋನಿಗೆ ಗೊತ್ತಾಗತೈತಿ. ಯಂತ್ರ ಸುಳ್ಳ ಹೇಳೂದಿಲ್ಲ ಅಂತ ಊರೂರು ಹೇಳಿಕೊಂತ ತಿರಗಾಂವ ನಾನು. ಆದ್ರ ದೊಡವಾಡದಾಗ ಆಗಿದ್ದು ಹೇಳತೇನಿ, ಕೇಳ್ರಿ. ನಡುವ ನಗಬ್ಯಾಡ್ರಿ. ನಕ್ರ ನಾ ಎದ್ದ ಹೋಗಾಂವ.

ನಮ್ಮ ಕಾಕಾನ ಮಗಳು ಅನ್ನಪೂರ್ಣಾನ್ನ ದೊಡವಾಡಕ್ಕ ಕೊಟ್ಟೇವಿ. ಆಕಿ ಅತ್ತಿ ಚನ್ನವ್ವ ಹೋದ ಬ್ಯಾಸಗಿಯಾಗ ಕಿಡ್ನಿ ಜಡ್ಡಿನಾಗ ತೀರಿಕೊಂಡ್ಲು. ದಿನಕ್ಕ ಎರಡು ಗ್ಲಾಸಿನ ಮ್ಯಾಲ ನೀರು ಕೊಡಬ್ಯಾಡ್ರಿ ಅಂದಿದ್ರು ಡಾಕ್ಟರು. ಸೊಸಿ ಅಳದು ಕೊಡತಿದ್ಲು. ಮುದುಕಿ ಕುಡದು, ಗ್ಲಾಸಿನ ಬಾಯಿ ಕೆಳಗ ಮಾಡಿ ಡಬ್ಬ ಹಾಕಿ ಇಡತಿದ್ಲು. ಮುಗೀತು ನೋಡವಾ, ಅನ್ನೂ ಹಂಗ.

ಕಡೀ ರಾತ್ರಿ ಮೂರು ಗಂಟೇಕ, "ಒಂದ ಗುಟುಕು ಕೊಡ, ನನ ಮಗಳ" ಅಂದ್ಲಂತ. ಅವತ್ತಿನ ಪಾಲು ಮುಗದಿತ್ತು. "ಮುಂಜಾನಿ ಕೊಡತೇನ್ರಿ, ಅತ್ತಿ" ಅಂದ್ಲು ಅನ್ನಪೂರ್ಣಾ. ಮುಂಜಾನಿ ಆಗೂದ್ರಾಗ... ಮುದುಕಿ ಇರಲಿಲ್ಲ.

ಅವರಲ್ಲಿ ರೂಢಿ ಹಂಗ, ತಮ್ಮ ಹೊಲದಾಗನ ಮಣ್ಣು ಮಾಡಿದ್ರು. ಮ್ಯಾಲೊಂದು ಹಾಸಗಲ್ಲು ಇಟ್ರು. ದೀಪಾವಳಿ ಆದ ಮ್ಯಾಲ ಆ ಹೊಲದ ಕಬ್ಬಿಗೆ ನಾ ಮಣ್ಣಿನ ಹಸಿ ಅಳಿಯೂ ಎರಡು ಸೆನ್ಸರ್ ಪೆಟ್ಟಿಗಿ ಕೂಡಿಸಿದ್ನಿ. ಒಂದು ಬಾವಿ ಕಡೆ. ಎರಡನೇದ್ದು ಆ ಕಲ್ಲಿನ ಬಾಜೂಕ.

ಅವತ್ತಿನ ರಾತ್ರಿಯಿಂದನ ಶುರು. ಸರಿಯಾಗಿ ಮೂರಕ್ಕ ಅನ್ನಪೂರ್ಣಾನ ಫೋನು... ಟಿಣ್. "ಎರಡನೇ ಜಾಗ ಒಣಗಿದೆ. ನೀರು ಕೊಡಿ."

ಪಾಪ, ದಿನಾ ನೀರು ಹಾಯಿಸಿದ್ಲು. ಕಾಲು ಹುಗಿಯೂವಷ್ಟು ಕೆಸರಾತು. ಆದ್ರೂ ಟಿಣ್. ಬ್ಯಾಟರಿ ಬದಲಿ ಮಾಡಿದ್ನಿ. ಪೆಟ್ಟಿಗೀನ ಬದಲಿ ಮಾಡಿದ್ನಿ. ಹೊಸಾದ್ದೂ ಅದನ್ನ ಹೇಳ್ತು. ಅನ್ನಪೂರ್ಣಾ ಸೊರಗಿ ಹೋಗಿದ್ಲು. ರಾತ್ರಿ ತಾನೂ ನೀರು ಕುಡಿಯೂದು ಬಿಟ್ಟಿದ್ಲು.

"ಅಣ್ಣಾ, ಅತ್ತಿ ನನ್ನ ಮ್ಯಾಲ ಸಿಟ್ಟಿಲೇ ಹೋದ್ರೇನು?" ಅಂತ ಕೇಳಿದ್ಲು.

ವಾಯರ್ ನೋಡೂಣಂತ ಅಂದ್ನಿ.

ಆ ರಾತ್ರಿ ಅಲ್ಲೇ ಉಳದ್ನಿ. ಎರಡೂ ಮುಕ್ಕಾಲಕ್ಕ ಇಬ್ಬರೂ ಹೊಂಟ್ವಿ. ಬಾವಿ ದಾಟಿದ್ವಿ... ಒಳಗ ವಟವಟ ಅನ್ನಾಕ ಹತ್ತಿದ್ದ ಕಪ್ಪಿ ಗಪ್ಪಾದ್ವು. ಕಬ್ಬಿನ ಒಣಾ ಎಲಿ ಚರಚರ ಅನ್ನೂದು ಅಷ್ಟ. ಕಲ್ಲಿನ ಬಾಜೂಕ ಕುಂತು ಮಣ್ಣಾಗ ಕೈ ಇಟ್ನಿ. ಪಚಕ್ ಅಂತು. ಹಸೀನ ಐತಿ.

ಅಷ್ಟರಾಗ... ಟಿಣ್.

"ಇದ ಹೊತ್ತು, ಅಣ್ಣಾ," ಪಿಸುಗುಟ್ಟಿದ್ಲು.

"ಸುಮ್ನಿರು."

ಸೆರಗಿನ ಮರಿಯಿಂದ ಒಂದು ಗ್ಲಾಸು ತಗದ್ಲು. ತುಂಬ ನೀರು. ಮನಿಯಿಂದ ಚೆಲ್ಲಧಂಗ ತಂದಿದ್ಲು, ನನಗ ಗೊತ್ತ ಇರಲಿಲ್ಲ. ಹಾಸಗಲ್ಲಿನ ಮ್ಯಾಲ ಇಟ್ಟು, "ತಡಾ ಆತ್ರಿ, ಅತ್ತಿ... ಕುಡೀರಿ" ಅಂದ್ಲು. ಯಂತ್ರ ರಿಪೇರಿ ಮಾಡಾಕ ಬಂದಾಂವ ನಾನು, ನನಗ ಕಣ್ಣಾಗ ನೀರು ಬಂದ್ವು.

ಹೊಳ್ಳಿ ನೋಡಲಾರದ ಬಾವಿ ತನಕ ಬಂದ್ವಿ. ಆಗ ಕೇಳ್ತು.

ಗುಟುಕ್... ಗುಟುಕ್...

ಸಾವಕಾಶ. ತುಸು ನಿಂತು, ದಮ್ಮು ತಗೊಂಡು... ಮತ್ತ ಗುಟುಕ್.

ಅನ್ನಪೂರ್ಣಾ ಬಾವಿ ಕಟ್ಟಿಗೆ ಕುಸದು ಕುಂತ್ಲು. ಬಾಯಿಗೆ ಸೆರಗು ಒತ್ತಿಕೊಂಡು ಅತ್ಲು. ಅಷ್ಟ ನೀರಿಗೆ ಅಷ್ಟು ತಿಂಗಳು ಕಾಯ್ದಿದ್ಲಲ್ರಿ ಮುದುಕಿ.

ಮುಂಜಾನಿ ನಾ ಒಬ್ಬನ ಹೋದ್ನಿ. ಫೋನಿನ್ಯಾಗ ಎರಡನೇ ಪೆಟ್ಟಿಗಿ ಹಸಿ ತೋರಸಾಕ ಹತ್ತಿತ್ತು. ಯಾವುದಾರ ನಾಯಿ ಕುಡದಿರಬೇಕು ಅಂತೀರಿ. ನಾನೂ ಹಂಗ ಅಂದ್ಕೊಂತನ ಹೋಗಿದ್ನಿ. ಆದ್ರ ಖರೇ ಹೇಳತೇನಿ, ನನ್ನ ಕೈಯಾರೆ ಎತ್ತಿ ನೋಡೇನಿ.

ಗ್ಲಾಸು ಡಬ್ಬ ಹಾಕಿ ಇಟ್ಟಿತ್ತು. ಅದರ ಕೆಳಗಿನ ಕಲ್ಲು ಒಣಾ ಇತ್ತು.