ಅಂಚಿನ ತೂತು

ತಳಕಿನಲ್ಲಿ ಚಳ್ಳಕೆರೆ ಬಸ್ ಹತ್ತಿದ ಕಾಟಮ್ಮನಿಗೆ ಮೊಳಕಾಲ್ಮೂರಿನ ನೇಕಾರನೊಬ್ಬ ಮತ್ತು ಅವನ ಮಗಳು ಕೂತಿದ್ದ ಸೀಟಿನ ಹಿಂದೆ ಜಾಗ ಸಿಕ್ಕಿತು. ಮಗಳ ಕೈಯಲ್ಲಿ ಮಗ್ಗದ ಚಿತ್ತಾರಕ್ಕೆ ತೂತು ಹೊಡೆದ ರಟ್ಟು, ತೊಡೆಯ ಮೇಲೆ ಹೊಸ ರೇಷ್ಮೆ ಸೀರೆ. ಕಾಟಮ್ಮ ಬಗ್ಗಿ ನೋಡಿದಳು. ಸೆರಗಿನ ಒಂದು ಗಿಳಿಗೂ ಕೊಕ್ಕಿನ ತುದಿಯಿಲ್ಲ, ಪಕ್ಕದಲ್ಲೊಂದು ಬೇಡದ ಚುಕ್ಕೆ.

“ನಾನೇ ಎಣಿಸಿದ್ದೆ ನಾಯ್ನಾ. ಪ್ರತಿ ರಟ್ಟಲ್ಲೂ ತೂತು ಸರಿಸಂಖ್ಯೆನೇ ಇತ್ತು,” ಎಂದಳು ಮಗಳು ಅಪ್ಪನಿಗೆ.

“ಬೆಸ ಬಂದಾಗೆಲ್ಲ ನೀನು ಹೇಳ್ದಂಗೆ ಅಂಚಿಗೆ ಒಂದು ತೂತು ಹೆಚ್ಚಿಗೆ ಹೊಡ್ದಿದ್ನಲ್ಲ ತಲ್ಲೀ.”

“ಹೂಂ. ಕಂಪ್ಯೂಟರ್‌ನಾಗೂ ಏನಾದ್ರೂ ಕಳ್ಸುವಾಗ ಹಿಂಗೇ ಒಂದು ಬಿಟ್ ಸೇರಿಸ್ತಾರೆ, ಪ್ಯಾರಿಟಿ ಬಿಟ್ ಅಂತ ಕಾಲೇಜಲ್ಲಿ ಹೇಳ್ಕೊಟ್ರು. ದಾರೀಲಿ ಒಂದು ಕೆಟ್ರೆ ಲೆಕ್ಕ ಬೆಸ ಆಗುತ್ತೆ, ತಪ್ಪು ಗೊತ್ತಾಗುತ್ತೆ.”

“ಮತ್ತೆ ಇದ್ಯಾಕೆ ಗೊತ್ತಾಗ್ಲಿಲ್ಲ?”

“ಕೊಕ್ಕಿನ ತೂತು ಬಿಟ್ಟು ಅದರ ಪಕ್ಕಕ್ಕೆ ಹೊಡ್ದೀಯ. ಒಂದು ಕಮ್ಮಿ ಆಯ್ತು, ಒಂದು ಹೆಚ್ಚಾಯ್ತು. ಎರಡು ತಪ್ಪು ಜೊತೆಗಾದ್ರೆ ಲೆಕ್ಕ ಸರಿಯಾಗೇ ಕಾಣುತ್ತೆ.”

“ಮದುವೆ ಸೀರೆ ಇದು.”

“ಬಿಚ್ಚಿ ನೇಯೋಕಾಗಲ್ವಾ?”

“ಬಿಚ್ಚಿದ್ರೆ ಎಳೆ ಉಳಿಯಲ್ಲ.”

ಮಗಳು ಅಪ್ಪನ ಕಡೆ ತಿರುಗಿದಳು.

“ಕಣ್ಣು ಮಂಜಾಗೈತೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ನಾಯ್ನಾ?”

“ದಿನಾ ಒಂದು ಮುಚ್ಕಂಡು ಇನ್ನೊಂದ್ರಲ್ಲಿ ನೋಡ್ತಿದ್ದೆ. ಎರಡ್ರಲ್ಲೂ ಒಂದೇ ಥರ ಕಾಣ್ತಿತ್ತು. ಚೆನ್ನಾಗೇ ಅದಾವೆ ಅಂದ್ಕಂಡೆ.”

“ಕಣ್ಣಾಸ್ಪತ್ರೆ ಯಾರ್ರೀ, ಇಳೀರಿ!” ಎಂದು ಕಂಡಕ್ಟರ್ ಕೂಗಿದ.

ಮಗಳು ಸೀರೆ ಮಡಚಿಕೊಂಡು ಎದ್ದಳು. ಎದ್ದು ನಿಲ್ಲಲು ತಂದೆ ಕಂಬಿಯತ್ತ ಕೈ ಚಾಚಿದ. ಕೈ ಕಂಬಿಯ ಪಕ್ಕದ ಗಾಳಿಯನ್ನು ಹಿಡಿಯಿತು.