ಆಟದಲ್ಲಿ ಇಲ್ಲದ ಹೆಸರು

ಗುಬ್ಬಿಯಿಂದ ತುಮಕೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಅಣ್ಣ ತಂಗಿ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ತಂಗಿಯ ಅಂಗೈಯಲ್ಲಿ ಅವರೇ ಸೇರಿ ಮಾಡಿದ ಪುಟ್ಟ ವಿಡಿಯೋ ಗೇಮ್ ಇತ್ತು. ತೂಬು ತಿರುಗಿಸಿ ಎಲ್ಲ ತೋಟಗಳಿಗೂ ನೀರು ಹಾಯಿಸುವ ಒಗಟಿನ ಆಟ.

"ಕಾಂತಣ್ಣ, ಆನ್ ಮಾಡಿದ್ರೆ ನಿನ್ ಹೆಸ್ರೊಂದೇ ಬರುತ್ತೆ. ನಂದೆಲ್ಲಿ?"

"ಮೆಮೊರಿ ಸಾಲ್ಲಿಲ್ಲ ಕಣೇ ಹರ್ಷಿ. ಚಿಪ್ ಚಿಕ್ಕದು."

"ಹೋದ್ ತಿಂಗ್ಳು ಇಬ್ರುದೂ ಇತ್ತಲ್ಲ?"

"ಆಮೇಲೆ ಮ್ಯೂಸಿಕ್ ಸೇರಿಸ್ದೆ."

"ಎಲ್ಲಿ, ಕೇಳಿಸ್ತಾನೇ ಇಲ್ಲ?"

"ಬಸ್ಸಲ್ಲಿ ಜನ ಇದಾರೆ ಅಂತ ಆಫ್ ಮಾಡಿದೀನಿ."

ಅವಳು ಸೌಂಡ್ ಹೆಚ್ಚಿಸಿ ಕಿವಿಗಿಟ್ಟುಕೊಂಡಳು. ಏನೂ ಕೇಳಿಸಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

"ಒಗಟೆಲ್ಲಾ ನಾನು ಯೋಚಿಸ್ದೆ, ನೀನು ಕೋಡ್ ಬರ್ದೆ. ಇವತ್ತು ಇಂಟರ್‌ವ್ಯೂಲಿ ಈ ಗೇಮ್ ನೋಡೋ ಕಂಪನಿಯವ್ರಿಗೆ ಹಂಗಂತ ಹೇಳಿದೀಯ ತಾನೆ?"

"ಟೀಮ್ ಅಂತ ಹೇಳಿದೀನಿ."

"ಟೀಮಲ್ಲಿ ಯಾರ್ಯಾರು?"

ಅವನು ಕಿಟಕಿಯಾಚೆ ನೋಡಿದ.

"ನಾನೊಬ್ನೇ ಮಾಡ್ದೆ ಅಂದ್ರೇನೇ ಕೆಲ್ಸ ಸಿಗೋದು ಕಣೇ. ನಿಂಗೆ ಆಮೇಲೆ ಹೇಳೋಣ ಅಂತಿದ್ದೆ."

"ಹಂಗಾದ್ರೆ ಕೊನೇ ಒಗಟನ್ನ ಅವ್ರ ಮುಂದೆ ನೀನೇ ಬಿಡಿಸ್ಬೇಕು."

"ಅದು ನಂಗೆ ಇನ್ನೂ ಬರಲ್ಲ. ನೀನು ಬರ್ತೀಯಲ್ಲ?"

"ಬರ್ತೀನಿ. ಎದುರಿಗೆ ಕೂತು ನೋಡ್ತೀನಿ."

ಬಸ್ ನಿಂತಿತು. ಅವಳು ಗೇಮನ್ನು ಅವನ ಕೈಗಿಟ್ಟು ಇಳಿದೇಬಿಟ್ಟಳು. "ಹರ್ಷಿ, ನಿಲ್ಲೇ, ನಿನ್ ಹೆಸ್ರು ಈಗ್ಲೇ ಹಾಕ್ತೀನಿ" ಎನ್ನುತ್ತ ಅವನು ಜನರನ್ನು ಸರಿಸಿಕೊಂಡು ಹಿಂದೆಯೇ ಓಡಿದ.